ಶಕ್ತಿಯ ಹುಚ್ಚು ಹಿಡಿಸಿದ ಆಲ್ಬಂ

ಪ್ರೀತಿಯ ಗೆಳೆಯ,

‘ಇಷ್ಟು ವರ್ಷದಿಂದ ಶಕ್ತಿ, ಶಕ್ತಿ ಅಂತ ಜಪ ಮಾಡ್ತೀಯಲ್ಲ, ಅದರಲ್ಲಿ ಅಂಥಾದ್ದೇನಿದೆ?’ ಅಂತ ನೀನು ಕೇಳಿದಾಗ ಫೋನಿನಲ್ಲಿ ತಡವರಿಸಿದೆ. ಇಷ್ಟವಾದದ್ದರ ಬಗ್ಗೆ ಥಟ್ಟನೆ ಮಾತಾಡು ಅಂದರೆ ನನಗೆ ಬಾಯಿ ಕಟ್ಟುತ್ತದೆ. ಇಷ್ಟವಾಗದ್ದರ ಬಗ್ಗೆ ಆದರೆ ಗಂಟೆಗಟ್ಟಲೆ ಕೊರೆಯುತ್ತೇನೆ, ಅದು ನಿನಗೇ ಗೊತ್ತು. ಹಾಗಾಗಿ ಈ ಪತ್ರ. ಉದ್ದ ಆಗುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ನೀನು ಹೊಸ ಆಲ್ಬಂನಿಂದ ಶುರು ಮಾಡಿದೆ. ಪರವಾಗಿಲ್ಲ. 2024ರ ಫೆಬ್ರವರಿಯಲ್ಲಿ ‘ದಿಸ್ ಮೊಮೆಂಟ್’ಗೆ ಗ್ರ್ಯಾಮಿ ಬಂದಾಗ ಎಷ್ಟೋ ಜನ ಶಕ್ತಿ ಅನ್ನುವ ಈ ಬ್ಯಾಂಡಿನ ಹೆಸರನ್ನು ಮೊದಲ ಸಲ ಕೇಳಿದರು. ಆಮೇಲೆ ನನ್ನ ಕಾಟ ತಡೆಯಲಾರದೆ ಹಳೆಯದನ್ನೂ ಹಾಕಿದೆ. ಮೊದಲನೆಯದೇ 18 ನಿಮಿಷ ಇದೆ ಅಂತ ನೋಡಿ ಅರ್ಧಕ್ಕೇ ಬಿಟ್ಟೆ. ‘ಹಾಡೇ ಇಲ್ಲ, ಬರೀ ಓಟ’ ಅಂತ ತೀರ್ಪು ಬೇರೆ ಕೊಟ್ಟೆ. ಆ ತೀರ್ಪಿನ ಮೇಲೆ ನನ್ನದೊಂದು ಮೇಲ್ಮನವಿ ಅಂದುಕೊಂಡು ಇದನ್ನು ಓದು.

ನನ್ನನ್ನು ಹಿಡಿದದ್ದು ಆ ಹಳೆಯದೇ. ‘ಶಕ್ತಿ ವಿತ್ ಜಾನ್ ಮೆಕ್‌ಲಾಫ್ಲಿನ್’. ನನ್ನ ಕೈಗೆ ಬಂದದ್ದು ಯಾರೋ ಯಾರಿಂದಲೋ ನಕಲು ಮಾಡಿಕೊಂಡಿದ್ದ 60 ನಿಮಿಷದ ಕ್ಯಾಸೆಟ್. ಕವರ್ ಇಲ್ಲ. ಹಾಡುಗಳ ಪಟ್ಟಿ ಇಲ್ಲ. ಯಾರು ಏನು ನುಡಿಸಿದ್ದಾರೆ ಅಂತ ಒಂದಕ್ಷರ ಇಲ್ಲ. ಮೇಲೆ ಪೆನ್ನಿನಲ್ಲಿ ‘ಶಕ್ತಿ’ ಅಂತ ಬರೆದಿತ್ತು, ಅಷ್ಟೇ. ದೇವಿಯ ಭಕ್ತಿಗೀತೆ ಇರಬೇಕು ಅಂತ ಮನೆಯವರು ಅಂದುಕೊಂಡರು. ಪ್ಲೇ ಒತ್ತಿದ ಸ್ವಲ್ಪ ಹೊತ್ತಿಗೇ ಅವರೆಲ್ಲ ಎದ್ದು ಹೋದರು. ನಾನು ಕೂತೇ ಇದ್ದೆ.

ಹೆಸರುಗಳಿಲ್ಲದ ಆ ಕ್ಯಾಸೆಟ್ಟಿನಿಂದ ನನಗೊಂದು ಉಪಕಾರ ಆಯಿತು. ಎಲ್ಲವನ್ನೂ ಕಿವಿಯಿಂದಲೇ ಬಿಡಿಸಿಕೊಳ್ಳಬೇಕಾಯಿತು. ಇದು ಗಿಟಾರ್, ಸರಿ. ಆದರೆ ಯಾಕೆ ಹೀಗೆ ವೀಣೆಯ ಹಾಗೆ ಬಾಗುತ್ತಿದೆ? ಇದು ವಯೊಲಿನ್, ಕರ್ನಾಟಕ ಸಂಗೀತದ ಬಿಲ್ಲೇ. ತಬಲಾ ಗೊತ್ತಾಯಿತು, ಎಡಗಡೆಯ ಡಗ್ಗಾ ಗುಂಯ್ ಅಂತ ಜಾರುವುದು ಮುಚ್ಚಿಡಲು ಆಗುವುದಿಲ್ಲ. ಮೃದಂಗವೂ ಇದೆ. ಇವೆರಡರ ನಡುವೆ ಇನ್ನೊಂದು ಏನೋ ಇದೆ. ಒಣಗಿದ್ದು, ಗಟ್ಟಿಯಾದದ್ದು, ಕಟಕಟ ಅನ್ನುವಂಥದ್ದು, ಆದರೆ ಆಗೊಮ್ಮೆ ಈಗೊಮ್ಮೆ ಹೊಟ್ಟೆಯೊಳಗಿಂದ ಬಂದ ಹಾಗೆ ಬುಂ ಅನ್ನುತ್ತದೆ. ಅದು ಘಟ. ತಬಲಾ ಮತ್ತು ಘಟ ಒಂದೇ ವೇದಿಕೆಯಲ್ಲಿ ಅಕ್ಕಪಕ್ಕ ಕೂತಿರುವುದನ್ನು ಅದಕ್ಕೆ ಮೊದಲು ನಾನು ಎಲ್ಲೂ ಕೇಳಿರಲಿಲ್ಲ. ಒಂದು ಉತ್ತರಾದಿಯದು, ಇನ್ನೊಂದು ದಕ್ಷಿಣಾದಿಯದು. ಎರಡಕ್ಕೂ ಲೆಕ್ಕ ಹಾಕುವ ರೀತಿಯೇ ಬೇರೆ ಬೇರೆ.

ಈಗ ನೀನು ಬಿಟ್ಟೋಡಿದ ಆ 18 ನಿಮಿಷದ ವಿಷಯಕ್ಕೆ ಬರುತ್ತೇನೆ. ಅದರ ಹೆಸರು ‘ಜಾಯ್’. ಗಿಟಾರ್ ಮತ್ತು ವಯೊಲಿನ್ ಒಂದೇ ಸಾಲನ್ನು ಒಟ್ಟಿಗೆ, ಭಯಂಕರ ವೇಗದಲ್ಲಿ ನುಡಿಸುತ್ತವೆ. ಗಿಟಾರ್ ಮೀಟುವ ವಾದ್ಯ, ಪ್ರತಿ ಸ್ವರಕ್ಕೂ ಒಂದು ಚೂಪು ತುದಿ ಇರುತ್ತದೆ. ವಯೊಲಿನ್ ಎಳೆಯುವ ವಾದ್ಯ, ಅದರ ಸ್ವರಕ್ಕೆ ಬಾಲ ಇರುತ್ತದೆ. ಎರಡೂ ಕೂದಲೆಳೆಯಷ್ಟೂ ಹಿಂದೆ ಮುಂದೆ ಆಗದೆ ಒಟ್ಟಿಗೆ ಬಿದ್ದಾಗ ತುದಿ ಒಂದರದು, ಬಾಲ ಇನ್ನೊಂದರದು ಆಗಿ ಹೊಸದೇ ಒಂದು ವಾದ್ಯ ಕೇಳಿಸುತ್ತದೆ. ಅಂಥ ವಾದ್ಯ ಯಾವ ಕಾರ್ಖಾನೆಯಲ್ಲೂ ತಯಾರಾಗಿಲ್ಲ. ಅದು ಆ ಇಬ್ಬರು ಒಟ್ಟಿಗಿರುವಷ್ಟು ಹೊತ್ತು ಮಾತ್ರ ಇರುತ್ತದೆ.

ನಿನ್ನ ದೂರಿನಲ್ಲಿ ಸ್ವಲ್ಪ ನಿಜ ಇದೆ, ಒಪ್ಪುತ್ತೇನೆ. ‘ಜಾಯ್’ನಲ್ಲಿ ವೇಗ ಜಾಸ್ತಿ. ಎರಡು ಕಡೆ ‘ನೋಡಿ ನಮ್ಮ ಬೆರಳು’ ಅನ್ನುವ ಜಂಬವೂ ಕಾಣುತ್ತದೆ. ಆದರೆ ವೇಗವಾಗಿ ನುಡಿಸುವವರು ಬೇಕಾದಷ್ಟು ಜನ ಇದ್ದಾರೆ. ಇಲ್ಲಿ ಒಬ್ಬ ವೇಗವಾಗಿ ಹೋಗುವಾಗ ಉಳಿದವರು ಏನು ಮಾಡುತ್ತಿದ್ದಾರೆ ಅನ್ನೋದನ್ನು ಕೇಳು. ವಯೊಲಿನ್ ಒಂದು ಸಣ್ಣ ತುಣುಕು ಎಸೆಯುತ್ತದೆ. ಗಿಟಾರ್ ಅದನ್ನು ಹಿಡಿದು, ಒಂದು ಸ್ವರ ಬದಲಿಸಿ ವಾಪಸು ಕೊಡುತ್ತದೆ. ತುಣುಕು ಗಿಡ್ಡ ಆಗುತ್ತಾ ಹೋಗುತ್ತದೆ. ಕೊನೆಗೆ ಎರಡೂ ಒಂದರ ಮಾತಿನ ಮೇಲೆ ಇನ್ನೊಂದು ಹತ್ತಿಬಿಡುತ್ತವೆ. ಕೆಳಗೆ ತಾಳದವರು ಇದನ್ನೆಲ್ಲ ಸುಮ್ನೆ ಹೊತ್ತುಕೊಂಡು ನಿಂತಿಲ್ಲ. ಮೇಲೆ ಆಡಿದ ಪ್ರತಿ ಮಾತಿಗೂ ಅವರದೊಂದು ಪ್ರತಿಮಾತು ಇದೆ. ತಬಲಾ ಮತ್ತು ಘಟ ಒಂದೇ ಒರಳಿಗೆ ಎರಡು ಒನಕೆ ಹಾಕಿದ ಹಾಗೆ, ಒಂದು ಏಳುವಾಗ ಇನ್ನೊಂದು ಇಳಿಯುತ್ತಾ, ಎಲ್ಲೂ ಢಿಕ್ಕಿ ಆಗದೆ ಕುಟ್ಟುತ್ತವೆ.

ನನಗೆ ಹುಚ್ಚು ಹಿಡಿದದ್ದು ಇಲ್ಲೇ. ಶಾಸ್ತ್ರೀಯ ಸಂಗೀತದ ಕಛೇರಿಯಲ್ಲಿ ನಡುವೆ ಒಬ್ಬರು ಕೂರುತ್ತಾರೆ. ಪಕ್ಕದಲ್ಲಿ ವಯೊಲಿನ್, ಇನ್ನೊಂದು ಪಕ್ಕ ಮೃದಂಗ, ಹಿಂದೆ ಘಟವೋ ಖಂಜಿರವೋ. ನಡುವಿನವರು ಹಾಡಿದ್ದನ್ನು ವಯೊಲಿನ್ ಹಿಂಬಾಲಿಸುತ್ತದೆ. ತಾಳವಾದ್ಯದವರಿಗೆ ಕೊನೆಯ ಹೊತ್ತಿಗೆ ತನಿ ಆವರ್ತನದ ಅವಕಾಶ ಸಿಗುತ್ತದೆ. ಆ ಹೊತ್ತಿಗೆ ಅರ್ಧ ಸಭೆ ಕಾಫಿಗೆ ಎದ್ದಿರುತ್ತದೆ. ರಾಕ್ ಬ್ಯಾಂಡಿನಲ್ಲೂ ಅಷ್ಟೇ, ಮುಂದೆ ಹಾಡುವವನು, ಗಿಟಾರಿನವನು, ಹಿಂದೆ ಕತ್ತಲಲ್ಲಿ ಡ್ರಮ್ಮರ್. ಈ ಕ್ಯಾಸೆಟ್ಟಿನಲ್ಲಿ ನಡುವೆ ಯಾರು ಕೂತಿದ್ದಾರೆ ಅಂತ ಎಷ್ಟು ಕೇಳಿದರೂ ಗೊತ್ತಾಗಲಿಲ್ಲ. ಘಟ ಮುಂದೆ ಬಂದಾಗ ಗಿಟಾರ್ ಹಿಂದೆ ಸರಿದು ಅದಕ್ಕೆ ಜಾಗ ಮಾಡುತ್ತದೆ. ಹಿಂದೆ ಸರಿದವರು ಬಿಡುವು ಸಿಕ್ಕಿತು ಅಂತ ಕೂತಿರುವುದಿಲ್ಲ, ಕೇಳುತ್ತಿರುತ್ತಾರೆ. ಹಾಗೆ ಕೇಳಿದ್ದು ಅವರ ಮುಂದಿನ ಸುತ್ತಿನಲ್ಲಿ ಹೊರಗೆ ಬರುತ್ತದೆ.

ಒಬ್ಬ ಗಾಯಕನ ಅಭಿಮಾನಿ ಆಗಬೇಕಾದರೆ ಅವನ ದನಿ ಇಷ್ಟವಾದರೆ ಸಾಕು. ಬ್ಯಾಂಡಿನ ಅಭಿಮಾನಿ ಆಗುವುದು ಯಾವಾಗ ಅಂದರೆ, ಅದರಲ್ಲಿರುವ ಯಾರೊಬ್ಬರನ್ನೂ ಬೇರೆ ಮಾಡಿ ತೆಗೆದುಕೊಳ್ಳಲು ಮನಸ್ಸು ಬಾರದೆ ಇದ್ದಾಗ. ನನಗೆ ಜಾಕಿರ್ ಹುಸೇನ್ ಅವರ ತಬಲಾ ಸೋಲೋ ಇಷ್ಟ. ಆದರೂ ಈ ಆಲ್ಬಂನಲ್ಲಿ ಘಟಕ್ಕೆ ಉತ್ತರ ಕೊಡುವ ಜಾಕಿರ್ ಅಂದರೆ ಇನ್ನೂ ಇಷ್ಟ.

ಆಮೇಲೆ ಹೆಸರುಗಳು ಒಂದೊಂದಾಗಿ ಗೊತ್ತಾದವು. ಗೊತ್ತಾದಷ್ಟೂ ಆಶ್ಚರ್ಯ ಹೆಚ್ಚಿತು. ಇದು ಸ್ಟುಡಿಯೋದಲ್ಲಿ ತಿದ್ದಿ ತೀಡಿ ಮಾಡಿದ್ದಲ್ಲ. 1975ರ ಜುಲೈ 5ರಂದು ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡ್‌ನಲ್ಲಿ, ಸೌತ್ ಹ್ಯಾಂಪ್ಟನ್ ಕಾಲೇಜಿನಲ್ಲಿ ಜನರ ಮುಂದೆ ನುಡಿಸಿದ್ದನ್ನೇ ರೆಕಾರ್ಡ್ ಮಾಡಿಕೊಂಡದ್ದು. ಕೊಲಂಬಿಯಾ ಕಂಪನಿ ಅದನ್ನು ಮರುವರ್ಷ ಹೊರತಂದಿತು. ಆ ದಿನ ಜಾಕಿರ್‌ಗೆ 24 ವರ್ಷ. ವಯೊಲಿನ್‌ನ ಎಲ್. ಶಂಕರ್‌ಗೆ 25. ಘಟದ ವಿಕ್ಕು ವಿನಾಯಕರಾಂಗೆ 32, ಗಿಟಾರಿನ ಮೆಕ್‌ಲಾಫ್ಲಿನ್‌ಗೆ 33. ಅವರೆಲ್ಲರಿಗಿಂತ ಹಿರಿಯರು ಮೃದಂಗದ ರಾಮನಾಡ್ ರಾಘವನ್. ಅವರು ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಮೃದಂಗ ಕಲಿಸುತ್ತಿದ್ದವರು.

ಮೆಕ್‌ಲಾಫ್ಲಿನ್ ಎಲ್ಲಿಂದ ಇಲ್ಲಿಗೆ ಬಂದರು ಅನ್ನೋದು ನಿನಗೆ ರುಚಿಸುತ್ತದೆ, ಯಾಕಂದರೆ ನೀನು ರಾಕ್ ಗಿಟಾರಿನವನು. ಇಂಗ್ಲೆಂಡಿನ ಯಾರ್ಕ್‌ಷೈರ್‌ನವರು. ಟ್ರಂಪೆಟ್ಟಿನ ಮೈಲ್ಸ್ ಡೇವಿಸ್ ಜಾಝ್‌ಗೆ ಕರೆಂಟು ಕೊಟ್ಟ ದಿನಗಳಲ್ಲಿ, ಅಂದರೆ 1969ರ ರೆಕಾರ್ಡಿಂಗುಗಳಲ್ಲಿ, ಅವರ ಜೊತೆ ನುಡಿಸಿದವರು. 1971ರಲ್ಲಿ ಮಹಾವಿಷ್ಣು ಆರ್ಕೆಸ್ಟ್ರಾ ಕಟ್ಟಿದರು. ಮಹಾವಿಷ್ಣು ಅನ್ನುವುದು ಗುರು ಶ್ರೀ ಚಿನ್ಮಯ್ ಮೆಕ್‌ಲಾಫ್ಲಿನ್‌ಗೆ ಕೊಟ್ಟ ಹೆಸರು. ಎರಡು ಕತ್ತಿನ ಎಲೆಕ್ಟ್ರಿಕ್ ಗಿಟಾರ್, ಗುಡುಗಿನಂಥ ಡ್ರಮ್ಸ್, ಕಿವಿ ಹರಿಯುವಷ್ಟು ಜೋರು. ಜಗತ್ತಿನ ದೊಡ್ಡ ದೊಡ್ಡ ವೇದಿಕೆಗಳಲ್ಲಿ ಹೆಸರು ಮಾಡಿದ್ದ ಬ್ಯಾಂಡ್ ಅದು. ಅಂಥ ಮನುಷ್ಯ ಎಲ್ಲ ವಯರು ಕಿತ್ತು, ಒಂದು ಅಕೌಸ್ಟಿಕ್ ಗಿಟಾರ್ ಹಿಡಿದು, ನೆಲದ ಮೇಲೆ ಚಕ್ಕಳ ಮಕ್ಕಳ ಹಾಕಿ ಕೂತುಬಿಟ್ಟರು. ಹಳೇ ಅಭಿಮಾನಿಗಳಿಗೆ ಹೇಗಾಗಿರಬೇಡ ಹೇಳು!

ಹಾಗೆ ಕೂರುವ ಮೊದಲು ಅವರು ಪಾಠಕ್ಕೂ ಕೂತಿದ್ದರು. ಅದೇ ವೆಸ್ಲಿಯನ್‌ನಲ್ಲಿ ಡಾ. ಎಸ್. ರಾಮನಾಥನ್ ಅವರಿಂದ ವೀಣೆ ಕಲಿತರು. ಎಲ್. ಶಂಕರ್ ಪರಿಚಯವಾದದ್ದೂ ಅಲ್ಲೇ. ಈ ವೀಣೆಯ ಪಾಠ ಅವರ ಗಿಟಾರಿನ ಮರದಲ್ಲೇ ಕಾಣುತ್ತದೆ. ಗಿಬ್ಸನ್ ಕಂಪನಿಯಲ್ಲಿದ್ದ ಏಬ್ರಹಾಂ ವೆಕ್ಟರ್ ಅನ್ನುವ ವಾದ್ಯಶಿಲ್ಪಿ ಅವರಿಗಾಗಿಯೇ ಒಂದು ಗಿಟಾರ್ ಮಾಡಿಕೊಟ್ಟರು. ಅದರಲ್ಲಿ ಎರಡು ವಿಶೇಷ. ಒಂದು, ಕತ್ತಿನ ಮೇಲಿನ ಅಡ್ಡಪಟ್ಟಿಗಳ, ಅಂದರೆ ಫ್ರೆಟ್‌ಗಳ, ನಡುವಿನ ಮರವನ್ನು ಒಳಗೆ ಬಗ್ಗಿಸಿ ಕೆತ್ತಿದ್ದಾರೆ. ಸಾಮಾನ್ಯ ಗಿಟಾರಿನಲ್ಲಿ ಬೆರಳು ಮರಕ್ಕೆ ತಾಗಿ ನಿಂತುಬಿಡುತ್ತದೆ. ಇಲ್ಲಿ ಬೆರಳ ಕೆಳಗೆ ಗಾಳಿ. ಹಾಗಾಗಿ ತಂತಿಯನ್ನು ಒತ್ತಬಹುದು, ಎಳೆಯಬಹುದು, ಅಲುಗಿಸಬಹುದು. ವೀಣೆಯಲ್ಲಿ ಮೆಟ್ಟಿಲುಗಳು ಎತ್ತರ ಇರುವುದರಿಂದ ಸ್ವರ ತೂಗಾಡುವ ಗಮಕ ಬರುತ್ತದಲ್ಲ, ಅದೇ ಉಪಾಯ. ಎರಡು, ಮುಖ್ಯ ಆರು ತಂತಿಗಳ ಕೆಳಗೆ ಅಡ್ಡಲಾಗಿ ಇನ್ನೂ ಏಳು ತಂತಿ. ಅವು ಶ್ರುತಿಗೆ. ನಡುನಡುವೆ ಅವನ್ನು ಒಮ್ಮೆ ಸವರಿಬಿಟ್ಟರೆ ಝರ್ ಅಂತ ಒಂದು ಹಾಸು ಬೀಳುತ್ತದೆ. ನೀನು ‘ಸಿತಾರ್ ಎಲ್ಲಿಂದ ಬಂತು’ ಅಂತ ಕೇಳಿದೆಯಲ್ಲ, ಸಿತಾರ್ ಇಲ್ಲ ಮಾರಾಯ, ಅದು ಇದೇ.

ಇನ್ನೊಂದು ಗಮನಿಸು. ಇಡೀ ಆಲ್ಬಂನಲ್ಲಿ ಬೇಸ್ ಗಿಟಾರ್ ಇಲ್ಲ, ಕೀಬೋರ್ಡ್ ಇಲ್ಲ. ಜಾಝ್‌ನಲ್ಲಿ ಸ್ವರಮೇಳ ಬದಲಾಗುತ್ತಾ ಹೋಗುತ್ತದೆ, ನುಡಿಸುವವನು ಅದರ ಹಿಂದೆ ಓಡುತ್ತಾನೆ. ಇಲ್ಲಿ ಆಧಾರಸ್ವರವಾದ ಷಡ್ಜ ಒಂದೇ, ಅದು ಕದಲುವುದಿಲ್ಲ. ಕೆಳಗೆ ನೆಲ ಗಟ್ಟಿಯಾಗಿರುವುದರಿಂದ ಮೇಲೆ ಎಷ್ಟು ಬೇಕಾದರೂ ಕುಣಿಯಬಹುದು. ಆದರೆ ವಯೊಲಿನ್ ಮುಂದಿರುವಾಗ ಮೆಕ್‌ಲಾಫ್ಲಿನ್ ಹಿಂದಿನಿಂದ ಮೆಲ್ಲಗೆ ಒಂದೆರಡು ಕಾರ್ಡ್, ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗೊಂಚಲು, ಸೇರಿಸುತ್ತಾರೆ. ರಾಗಕ್ಕೆ ಕಾರ್ಡ್ ಹಾಕಿದರೆ ನನಗೆ ಸಾಮಾನ್ಯವಾಗಿ ಮೈ ಉರಿಯುತ್ತದೆ. ಇವರು ಹಾಕಿದಾಗ ಉರಿಯುವುದಿಲ್ಲ, ಯಾಕಂದರೆ ಗಮಕದ ದಾರಿಗೆ ಅಡ್ಡ ಬರದ ಕಡೆ ಮಾತ್ರ ಹಾಕುತ್ತಾರೆ. ಅದು ವೀಣೆ ಕಲಿತದ್ದರಿಂದ ಬಂದ ಸಂಕೋಚ ಅಂತ ನನ್ನ ಊಹೆ.

ತಾಳದವರು ಹೇಗೆ ಕೂಡಿಕೊಂಡರು ಅನ್ನುವುದು ನನ್ನನ್ನು ಜಾಸ್ತಿ ದಿನ ಕಾಡಿದ ಪ್ರಶ್ನೆ. ಜಾಕಿರ್ ಪಂಜಾಬ್ ಘರಾನೆಯವರು, ಉಸ್ತಾದ್ ಅಲ್ಲಾ ರಖಾ ಅವರ ಮಗ. ವಿಕ್ಕು ಕರ್ನಾಟಕ ಪದ್ಧತಿಯಲ್ಲಿ ಬೆಳೆದವರು. ಒಬ್ಬರದು ತೀನ್‌ತಾಲ, ಝಪ್‌ತಾಲ. ಇನ್ನೊಬ್ಬರದು ಆದಿತಾಳ, ಖಂಡಚಾಪು. ಆದರೆ ಎರಡೂ ಕಡೆ ಒಂದು ಅಭ್ಯಾಸ ಸಮಾನ. ಒಂದು ಸುತ್ತು ಮುಗಿಸುವಾಗ ಒಂದೇ ಪದಗುಚ್ಛವನ್ನು ಮೂರು ಸಲ ಹೇಳಿ, ಮೂರನೆಯದರ ಕೊನೆಯ ಪೆಟ್ಟು ಸರಿಯಾಗಿ ಮುಟ್ಟಬೇಕಾದ ಜಾಗಕ್ಕೆ ಬೀಳುವ ಹಾಗೆ ಲೆಕ್ಕ ಹಾಕುತ್ತಾರೆ. ಅಲ್ಲಿ ತಿಹಾಯಿ ಅನ್ನುತ್ತಾರೆ, ಇಲ್ಲಿ ಮುಕ್ತಾಯ ಅನ್ನುತ್ತಾರೆ. ಶಕ್ತಿಯಲ್ಲಿ ಐದೂ ಜನ ಆ ಕೊನೆಯ ಪೆಟ್ಟಿಗೆ ಒಟ್ಟಿಗೆ ಬಂದು ಇಳಿಯುತ್ತಾರೆ. ಲೆಕ್ಕ ಗೊತ್ತಿಲ್ಲದವರಿಗೂ ಆ ಪೆಟ್ಟು ಬಿದ್ದಾಗ ತಲೆ ತಾನಾಗಿ ಅಲ್ಲಾಡುತ್ತದೆ. ಕಾಲೇಜಿನ ಸಭೆಯಲ್ಲಿ ಕೂತಿದ್ದ ಜನ ಕೂಡ ತಾಳ ಹಾಕಿ ಕಲಿತವರಾಗಿರಲಿಕ್ಕಿಲ್ಲ. ಆದರೂ ಚಪ್ಪಾಳೆ ಎಲ್ಲಿ ಬರುತ್ತದೆ ಅಂತ ಕೇಳು.

ಘಟದ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಸುಟ್ಟ ಮಣ್ಣಿನ ಮಡಕೆ. ಬೆಂಕಿಯಲ್ಲಿ ಸುಟ್ಟ ದಿನವೇ ಅದರ ಶ್ರುತಿ ನಿರ್ಧಾರ ಆಗಿಹೋಗಿರುತ್ತದೆ. ಬಿಗಿ ಮಾಡಲು ಬಿರಡೆ ಇಲ್ಲ, ಬಾರು ಇಲ್ಲ. ಹಾಗಾಗಿ ಬೇರೆ ಬೇರೆ ಶ್ರುತಿಗೆ ಬೇರೆ ಬೇರೆ ಘಟ ಇಟ್ಟುಕೊಂಡು ಓಡಾಡಬೇಕು. ಅದರ ಬಾಯಿಯನ್ನು ಹೊಟ್ಟೆಗೆ ಒತ್ತಿ, ಸಡಿಲಿಸಿ, ಆ ಬುಂ ಅನ್ನುವ ದನಿ ತೆಗೆಯುತ್ತಾರೆ. ಅಂದರೆ ನುಡಿಸುವವನ ಮೈಯೇ ವಾದ್ಯದ ಅರ್ಧ ಭಾಗ. ಕಛೇರಿಯಲ್ಲಿ ಹಿಂದಿನ ಸಾಲಿನಲ್ಲಿರುತ್ತಿದ್ದ ಈ ಮಡಕೆಯನ್ನು ವಿಕ್ಕು ವಿನಾಯಕರಾಂ ಪ್ರಪಂಚದ ಮುಂದಿನ ಸಾಲಿಗೆ ತಂದರು. ಮುಂದೆ ಅಮೆರಿಕದ ಡ್ರಮ್ಮರ್ ಮಿಕ್ಕಿ ಹಾರ್ಟ್ ಅವರ ‘ಪ್ಲಾನೆಟ್ ಡ್ರಮ್’ನಲ್ಲಿ ಜಾಕಿರ್ ಮತ್ತು ವಿಕ್ಕು ಇಬ್ಬರೂ ಇದ್ದರು. ವಿಶ್ವಸಂಗೀತಕ್ಕೆ ಗ್ರ್ಯಾಮಿ ಕೊಡಲು ಶುರು ಮಾಡಿದ ಮೊದಲ ವರ್ಷ, 1992ರಲ್ಲಿ, ಅದು ಆ ಆಲ್ಬಂಗೇ ಹೋಯಿತು.

ಸರಿ, ‘ಜಾಯ್’ ಮುಗಿಯಿತು ಅಂದುಕೋ. ಮೈ ಬಿಸಿಯಾಗಿರುತ್ತದೆ. ಆಗ ‘ಲೋಟಸ್ ಫೀಟ್’ ಬರುತ್ತದೆ. ಐದು ನಿಮಿಷವೂ ಇಲ್ಲ. ನಿಧಾನ. ಓಡಲು ಬರುವ ಜನ ಬೇಕಂತಲೇ ನಡೆಯುತ್ತಿದ್ದಾರೆ ಅನ್ನುವುದು ಪ್ರತಿ ಸ್ವರದಲ್ಲೂ ಗೊತ್ತಾಗುತ್ತದೆ. ‘ಹಾಡೇ ಇಲ್ಲ’ ಅಂದೆಯಲ್ಲ, ಇದು ಪೂರ್ತಿ ಹಾಡೇ. ಮಾತಿಲ್ಲ ಅಷ್ಟೇ. ಒಂದು ಸಲ ಕೇಳಿದರೆ ಗುನುಗಬಹುದು. ನನ್ನ ಕ್ಯಾಸೆಟ್ಟಿನಲ್ಲಿ ಅದು ಮುಗಿದ ಮೇಲೆ ಆ ಬದಿಯಲ್ಲಿ ಇನ್ನೂ ಒಂದಿಷ್ಟು ಖಾಲಿ ಟೇಪು ಉಳಿದಿರುತ್ತಿತ್ತು. ಬರೀ ಸರ್ ಅನ್ನುವ ಸದ್ದು. ನಾನು ಅದನ್ನೂ ಓಡಲು ಬಿಡುತ್ತಿದ್ದೆ. ತಿರುಗಿಸಿ ಹಾಕುವ ಮೊದಲು ಅಷ್ಟು ಹೊತ್ತು ಬೇಕಾಗುತ್ತಿತ್ತು.

ತಿರುಗಿಸಿದರೆ ಇಡೀ ಎರಡನೇ ಬದಿಗೆ ಒಂದೇ ಒಂದು ರಚನೆ. ಸುಮಾರು 29 ನಿಮಿಷ. ಅದರ ಹೆಸರು ಎಷ್ಟು ಉದ್ದ ಅಂದರೆ ಇಲ್ಲಿ ಬರೆಯಲು ಹೋಗುವುದಿಲ್ಲ, ‘ಇದೇಕೆ ಬೇಕು, ಅದೇಕೆ ಬೇಕು’ ಅಂತ ಶುರುವಾಗಿ ದೇವರ ಪಾದದ ಬಳಿ ಕುಣಿಯುವವರೆಗೂ ಹೋಗುತ್ತದೆ. ನೀನು ಇದನ್ನು ಕೇಳಿಯೇ ಇಲ್ಲ. ನಿನ್ನ ತೀರ್ಪನ್ನು ನಾನು ಒಪ್ಪದೆ ಇರುವುದಕ್ಕೆ ದೊಡ್ಡ ಕಾರಣ ಇದೇ. ಆಲಾಪನೆಯ ನಿಧಾನದಿಂದ ಹೊರಟು, ಗತಿ ಹಿಡಿದು, ತಾಳವಾದ್ಯಗಳ ಕೈಗೆ ಹೋಗಿ, ಮತ್ತೆ ಎಲ್ಲರೂ ಸೇರುವವರೆಗೂ ಅದಕ್ಕೆ ಅವಸರವೇ ಇಲ್ಲ. ಈಗಿನ ಲೆಕ್ಕದಲ್ಲಿ ಅದು ಒಂದು ಹುಚ್ಚು ಧೈರ್ಯ. ಹೊಸ ಬ್ಯಾಂಡ್, ಮೊದಲ ಆಲ್ಬಂ, ರೇಡಿಯೋದಲ್ಲಿ ಹಾಕಲು ಸಾಧ್ಯವೇ ಇಲ್ಲದ ಅರ್ಧಗಂಟೆ!

ಆಮೇಲೆ ಮಾಡಬಾರದ್ದನ್ನೆಲ್ಲ ಮಾಡಿದೆ, ಅಭಿಮಾನಿಗಳು ಮಾಡುವುದನ್ನೇ. ಬಂದವರಿಗೆಲ್ಲ ಕೇಳಿಸಿದೆ. ಮಧ್ಯದಲ್ಲಿ ಮಾತಾಡಿದವರ ಮೇಲೆ ಸಿಟ್ಟಾದೆ. ಉಳಿದ ಎರಡು ಆಲ್ಬಂಗಳಿಗಾಗಿ ಹುಡುಕಾಡಿದೆ. ಎರಡನೆಯದು ‘ಎ ಹ್ಯಾಂಡ್‌ಫುಲ್ ಆಫ್ ಬ್ಯೂಟಿ’, 1976ರಲ್ಲಿ ಲಂಡನ್‌ನ ಸ್ಟುಡಿಯೋದಲ್ಲಿ ಮಾಡಿದ್ದು. ಆ ಹೊತ್ತಿಗೆ ರಾಘವನ್ ಇಲ್ಲ, ನಾಲ್ಕೇ ಜನ. ಅದರ ಮೊದಲ ಹಾಡು ಶುರುವಾಗುವುದೇ ಕೊನ್ನಕ್ಕೋಲ್‌ನಿಂದ. ಬಾಯಲ್ಲಿ ಹೇಳುವ ತಕಿಟ, ತಕಧಿಮಿ. ವಾದ್ಯಕ್ಕೆ ಕೈ ಹಾಕುವ ಮೊದಲೇ ಬಾಯಿಯಿಂದ ಒಪ್ಪಂದ ಆಗಿಬಿಡುತ್ತದೆ. ಆಲ್ಬಂ ಅಂತ ನೋಡಿದರೆ ಇದೇ ಹೆಚ್ಚು ಅಚ್ಚುಕಟ್ಟು. ತಿಳಿದವರು ಬಹಳಷ್ಟು ಜನ ಇದನ್ನೇ ಮೇಲೆ ಇಡುತ್ತಾರೆ. ನಾನು ಇಡುವುದಿಲ್ಲ. ಅಚ್ಚುಕಟ್ಟು ಇದೆ, ಆದರೆ ಮೊದಲನೆಯದರಲ್ಲಿ ಇರುವ ‘ಈಗ ಏನಾಗುತ್ತೋ’ ಅನ್ನುವ ಅಂಜಿಕೆ ಇಲ್ಲ.

ಮೂರನೆಯದು 1977ರ ‘ನ್ಯಾಚುರಲ್ ಎಲಿಮೆಂಟ್ಸ್’. ಚಿಕ್ಕ ಚಿಕ್ಕ ರಚನೆಗಳು, ನಗುನಗುತ್ತಾ ಮುಗಿಯುತ್ತವೆ. ಚೆನ್ನಾಗಿದೆ. ಅದರ ಬಗ್ಗೆ ಇಷ್ಟು ಸಾಕು.

ಆ ಮೂರು ಆಲ್ಬಂ ಆದ ಮೇಲೆ, ಎಪ್ಪತ್ತರ ದಶಕ ಮುಗಿಯುವುದರೊಳಗೆ ಬ್ಯಾಂಡೇ ಮುಗಿಯಿತು. ಅಂದರೆ ನಾನು ಅಭಿಮಾನಿ ಆದದ್ದೇ ಇಲ್ಲದ ಬ್ಯಾಂಡಿಗೆ. ಅದೊಂದು ವಿಚಿತ್ರ ಸ್ಥಿತಿ ಕಣೋ. ಹೊಸದು ಬರುವುದಿಲ್ಲ, ಕಾಯುವ ಹಾಗಿಲ್ಲ. ಇದ್ದದ್ದನ್ನೇ ತಿರುಗಾ ಮುರುಗಾ ಕೇಳಬೇಕು. ಬೇರೆ ದಾರಿ ಅಂದರೆ ಒಬ್ಬೊಬ್ಬರ ಹಿಂದೆ ಹೋಗುವುದು. ಶಂಕರ್ ಹಿಂದೆ ಹೋದರೆ ಅವರು ಎರಡು ಕತ್ತಿನ, ಹತ್ತು ತಂತಿಯ ವಯೊಲಿನ್ ಮಾಡಿಸಿಕೊಂಡು ಇನ್ನೆಲ್ಲೋ ಹೊರಟಿದ್ದರು. ಜಾಕಿರ್ ಹಿಂದೆ ಹೋದರೆ 1987ರ ‘ಮೇಕಿಂಗ್ ಮ್ಯೂಸಿಕ್’ ಸಿಕ್ಕಿತು. ಅದರಲ್ಲಿ ಮೆಕ್‌ಲಾಫ್ಲಿನ್ ಇದ್ದಾರೆ, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು ಇದೆ, ನಾರ್ವೆಯ ಯಾನ್ ಗಾರ್ಬರೆಕ್ ಅವರ ಸ್ಯಾಕ್ಸೊಫೋನ್ ಇದೆ. ಬಹಳ ಸುಂದರ. ಆದರೆ ಎಲ್ಲರೂ ಒಬ್ಬರಿಗೊಬ್ಬರು ತುಂಬಾ ಮರ್ಯಾದೆ ಕೊಡುತ್ತಾರೆ. ಶಕ್ತಿಯಲ್ಲಿ ಕಾಲೆಳೆಯುವುದೂ ಇತ್ತು.

1997ರಲ್ಲಿ ‘ರಿಮೆಂಬರ್ ಶಕ್ತಿ’ ಅನ್ನುವ ಹೆಸರಿನಲ್ಲಿ ಮತ್ತೆ ಸೇರಿದರು. ವಯೊಲಿನ್‌ನ ಎಲ್. ಶಂಕರ್ ಇರಲಿಲ್ಲ. ಮೊದಲು ಹರಿಪ್ರಸಾದ್ ಅವರ ಕೊಳಲು, ಆಮೇಲೆ ಯು. ಶ್ರೀನಿವಾಸ್ ಅವರ ಮ್ಯಾಂಡೊಲಿನ್. ವಿಕ್ಕು ಅವರ ಜಾಗಕ್ಕೆ ಅವರ ಮಗ ಸೆಲ್ವಗಣೇಶ್ ಖಂಜಿರ ಹಿಡಿದು ಬಂದರು. ನಂತರ ಹಾಡಲು ಶಂಕರ್ ಮಹದೇವನ್. ನೀನು ಹಳೆಯದನ್ನು ಕೇಳಲಾರೆ ಅಂದರೆ ಈ ಕಾಲದ್ದನ್ನಾದರೂ ಕೇಳು. ಮ್ಯಾಂಡೊಲಿನ್ ಮತ್ತು ಗಿಟಾರ್ ಎರಡೂ ಮೀಟುವ ವಾದ್ಯಗಳು, ಹಾಗಾಗಿ ನಾನು ಹೇಳಿದ ಆ ತುದಿ–ಬಾಲದ ಆಟ ಇಲ್ಲ. ಬದಲಿಗೆ ಇಬ್ಬರು ಅಣ್ಣತಮ್ಮಂದಿರು ಜಗಳ ಆಡದೆ ಪೈಪೋಟಿ ಮಾಡುತ್ತಾರೆ. ಶ್ರೀನಿವಾಸ್ ನಗುತ್ತಾ ನುಡಿಸುತ್ತಿದ್ದರು, ಎಂಥ ಕಷ್ಟದ ಜಾಗದಲ್ಲೂ. 2014ರಲ್ಲಿ 45ನೇ ವಯಸ್ಸಿಗೆ ಹೋಗಿಬಿಟ್ಟರು. ಅವರು ಇದ್ದ ವೀಡಿಯೋಗಳನ್ನು ನಾನು ಎಷ್ಟೋ ದಿನ ಹಾಕಲೇ ಇಲ್ಲ.

ಇನ್ನು ನೀನು ಕೇಳಿದ ‘ದಿಸ್ ಮೊಮೆಂಟ್’. 2023ರಲ್ಲಿ, 50ನೇ ವರ್ಷದ ಹೊತ್ತಿಗೆ ಬಂದದ್ದು. ಕೊರೊನಾ ಕಾಲದ ಕೂಸು. ಒಬ್ಬೊಬ್ಬರು ಒಂದೊಂದು ಕಡೆ ಕೂತು, ತಮ್ಮ ಪಾಲು ನುಡಿಸಿ, ಫೈಲ್ ಕಳಿಸಿ ಕಟ್ಟಿದ್ದು. ಗಣೇಶ್ ರಾಜಗೋಪಾಲನ್ ಅವರ ವಯೊಲಿನ್‌ನಿಂದ ಹಳೇ ಬಣ್ಣ ವಾಪಸು ಬಂದಿದೆ. ಬಹಳ ಖುಷಿಯಾಯಿತು. ಗ್ರ್ಯಾಮಿ ಬಂದಾಗ ನನಗೇ ಬಂದ ಹಾಗೆ ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಆದರೂ ‘ಹುಚ್ಚು ಹಿಡಿಯುವಷ್ಟೇನೂ ಇಲ್ಲ’ ಅಂತ ನೀನು ಅಂದಾಗ ನನಗೆ ಸಿಟ್ಟು ಬರಲಿಲ್ಲ. ಎಲ್ಲ ಇದೆ ಅದರಲ್ಲಿ, ಒಂದೇ ಕೋಣೆಯ ಗಾಳಿ ಇಲ್ಲ. ಒಬ್ಬರು ಎಸೆದದ್ದನ್ನು ಇನ್ನೊಬ್ಬರು ಆ ಕ್ಷಣದಲ್ಲೇ ಹಿಡಿಯುವುದು ಫೈಲಿನಲ್ಲಿ ಹೇಗೆ ಆಗಬೇಕು? ಅದೇ ವರ್ಷದ ಪ್ರವಾಸದ ವೀಡಿಯೋ ನೋಡು. ಅದೇ ರಚನೆಗಳು ವೇದಿಕೆಯ ಮೇಲೆ ಬೇರೆಯೇ ಆಗಿವೆ. ಮೆಕ್‌ಲಾಫ್ಲಿನ್‌ಗೆ ಆಗ 81. ಜಾಕಿರ್ ಏನಾದರೂ ತರಲೆ ಮಾಡಿದ ಕೂಡಲೇ ಅವರ ಮುಖ ಅರಳುವುದನ್ನು ನೋಡು.

2024ರ ಡಿಸೆಂಬರ್ 15ರಂದು ಜಾಕಿರ್ ಹೋದರು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಗ್ರ್ಯಾಮಿ ಬಂದು ವರ್ಷ ತುಂಬಿರಲಿಲ್ಲ. ಆ ಒಂದೇ ರಾತ್ರಿ ಅವರಿಗೆ ಮೂರು ಗ್ರ್ಯಾಮಿ ಬಂದಿತ್ತು. ಸುದ್ದಿ ಕೇಳಿದ ದಿನ ಎಲ್ಲರೂ ಅವರ ಸೋಲೋ ಹಾಕಿ ಹಂಚುತ್ತಿದ್ದರು. ನಾನು ‘ಜಾಯ್’ ಹಾಕಿದೆ. 24ರ ಹುಡುಗ, ಹೆದರಿಕೆ ಅನ್ನೋದೇ ಇಲ್ಲ. ಪಕ್ಕದಲ್ಲಿ ವಿಕ್ಕು ಏನೋ ಹೊಸದು ಮಾಡಿದಾಗ ಒಂದು ಕ್ಷಣ ತಡೆದು, ಆಮೇಲೆ ಅದನ್ನೇ ಇನ್ನೂ ತಿರುಚಿ ವಾಪಸು ಕೊಡುತ್ತಾರೆ. ಆ ತಡೆದ ಕ್ಷಣಕ್ಕೆ ನಾನು ಇವತ್ತಿಗೂ ಕಾಯುತ್ತೇನೆ.

ಹಾಗಾಗಿ ನಿನ್ನ ಪ್ರಶ್ನೆಗೆ ಉತ್ತರ ಏನಪ್ಪಾ ಅಂದರೆ, ಇನ್ನೊಂದು ಸಲ ಕೇಳು, ಆದರೆ ನಾನು ಹೇಳಿದ ಹಾಗೆ. ಎರಡನೇ ಬದಿಯಿಂದ ಶುರು ಮಾಡು, ಓಟ ಇಷ್ಟವಿಲ್ಲದವರಿಗೆ ಅದೇ ಬಾಗಿಲು. ನಡೆಯುತ್ತಾ ಕೇಳಬೇಡ, ಗಾಡಿ ಓಡಿಸುತ್ತಾ ಅಂತೂ ಬೇಡವೇ ಬೇಡ. ಫೋನಿನ ಸ್ಪೀಕರ್‌ನಲ್ಲಿ ಘಟದ ಬುಂ ಕೇಳಿಸುವುದಿಲ್ಲ, ಹೆಡ್‌ಫೋನ್ ಹಾಕಿಕೋ. ಮೊದಲು ಗಿಟಾರ್ ಒಂದನ್ನೇ ಹಿಡಿದುಕೊಂಡು ಹೋಗು, ನಿನಗೆ ಗೊತ್ತಿರುವ ವಾದ್ಯ ಅದು. ಗಿಟಾರ್ ಸುಮ್ಮನಾದಾಗ ನೀನು ಸುಮ್ಮನಾಗಬೇಡ, ಅದು ಯಾರನ್ನು ಕೇಳುತ್ತಿದೆ ಅಂತ ಹುಡುಕು. ಆಮೇಲೆ ‘ಲೋಟಸ್ ಫೀಟ್’. ‘ಜಾಯ್’ ಕೊನೆಗೆ ಇರಲಿ.

ಇಷ್ಟಾದ ಮೇಲೂ ಹಿಡಿಸದಿದ್ದರೆ ಹಿಡಿಸಲಿಲ್ಲ ಅಂತಲೇ ಬರೆ. ನಿನ್ನ ಆ ಮೆಟಲ್ ಬ್ಯಾಂಡಿನ ಆಲ್ಬಂ ಕಳಿಸಿದ್ದೀಯಲ್ಲ, ಅದನ್ನು ನಾನು ಮೂರನೇ ಹಾಡಿನವರೆಗೆ ಕೇಳಿದ್ದೇನೆ. ಡ್ರಮ್ಮರ್ ಚೆನ್ನಾಗಿದ್ದಾನೆ. ಉಳಿದದ್ದನ್ನು ಈ ಭಾನುವಾರ ಕೇಳುತ್ತೇನೆ, ನೀನು ಆ 29 ನಿಮಿಷ ಮುಗಿಸಿದ್ದು ಖಾತ್ರಿಯಾದರೆ.

ಇಂತಿ,
ನಿನ್ನ ಗೆಳೆಯ